ದಿಯಲುಮ: ಮೊದಲು ಮೇಲಿನಿಂದ, ಆಮೇಲೆ ಕೆಳಗಿನಿಂದ

ಶ್ರೀಲಂಕಾಕ್ಕೆ ಹೊರಡುವಾಗ ನನ್ನ ಪಟ್ಟಿಯಲ್ಲಿ ಏಳು ಜಲಪಾತ ಇದ್ದವು. ಸರಿಯಾಗಿ ನೋಡಿದ್ದು ಒಂದೇ, ದಿಯಲುಮ. ಅದಕ್ಕೇ ಇಡೀ ಒಂದು ದಿನ ಕೊಟ್ಟೆವು. ಮತ್ತೆ ಹೋದರೂ ಹಾಗೇ ಮಾಡುತ್ತೇನೆ.

ನಾನೂ ಹೆಂಡತಿಯೂ ಉಳಿದುಕೊಂಡಿದ್ದು ಎಲ್ಲ ಅನ್ನೋ ಊರಲ್ಲಿ. ಸಿಂಹಳದಲ್ಲಿ ಎಲ್ಲ ಅಂದರೆ ಜಲಪಾತ ಅಂತಲೇ ಅರ್ಥ. ಹೋಗಿದ್ದು ಜನವರಿ ಕೊನೆಗೆ. ಅಲ್ಲಿಗೆ ನಮ್ಮ ಮಲೆನಾಡಿನ ಲೆಕ್ಕ ಹಿಡಿಯಬೇಡಿ. ನಮ್ಮ ಜೋಗ ಜುಲೈ, ಆಗಸ್ಟ್‌ನಲ್ಲಿ ತುಂಬುತ್ತದೆ, ಅಲ್ವಾ? ಆ ಹೊತ್ತಿಗೆ ಎಲ್ಲ, ದಿಯಲುಮ ಇರೋ ಊವಾ ಸೀಮೆ ಒಣಗಿರುತ್ತದೆ. ಅಲ್ಲಿಗೆ ಮಳೆ ಜಾಸ್ತಿ ಬರೋದು ಅಕ್ಟೋಬರ್‌ನಿಂದ ವರ್ಷದ ಕೊನೆವರೆಗೆ. ಹಾಗಾಗಿ ನಾವು ಹೋದಾಗ ಹಳ್ಳದಲ್ಲಿ ನೀರೂ ಇತ್ತು, ಕಾಲುದಾರಿಯೂ ಒಣಗಿತ್ತು.

ಬೆಳಗ್ಗೆ ಬೇಗ ವೆಲ್ಲವಾಯ ಬಸ್ಸು ಹತ್ತಿದೆವು. ದಾರಿಯಲ್ಲೇ ರಾವಣ ಜಲಪಾತ ಸಿಗುತ್ತದೆ, ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ. ವೆಲ್ಲವಾಯದಲ್ಲಿ ಬಸ್ಸು ಬದಲಿಸಿ ಕೊಸ್ಲಂದ, ಅಲ್ಲಿಂದ ಬೆಟ್ಟದ ಮೇಲಕ್ಕೆ ತ್ರೀವೀಲರ್. ಬಾಡಿಗೆ ಹತ್ತೋ ಮೊದಲೇ ಮಾತಾಡಿಕೊಳ್ಳಿ. ಇಳಿದ ಮೇಲೆ ದಾರಿ ಕವಲೊಡೆದಾಗ ಟೀ ತೋಟಕ್ಕೆ ಹೊರಟಿದ್ದ ಅಮ್ಮ ಒಬ್ಬರು ಸಿಕ್ಕರು. ಆ ಕಡೆಯ ತೋಟಗಳಲ್ಲಿ ಬ್ರಿಟಿಷರ ಕಾಲದಲ್ಲಿ ಬಂದು ನೆಲೆಸಿದ ತಮಿಳರ ಮನೆಗಳೇ ಜಾಸ್ತಿ, ಹಾಗಾಗಿ ದಾರಿ ಕೇಳೋಕೆ ನನ್ನ ಬೆಂಗಳೂರು ತಮಿಳೇ ಸಾಕಾಯಿತು.

ಮುಂದೆ ಮುಕ್ಕಾಲು ಗಂಟೆ ನಡಿಗೆ, ಎದೆಮಟ್ಟದ ಹುಲ್ಲಿನ ನಡುವೆ. ಹುಲ್ಲು ಕೈಗೆ ತಾಗಿದರೆ ನಮ್ಮ ಮಜ್ಜಿಗೆ ಹುಲ್ಲಿನ ಹಾಗೇ ನಿಂಬೆ ವಾಸನೆ. ನೆರಳೇ ಇಲ್ಲ, ಹತ್ತು ಗಂಟೆ ದಾಟಿದರೆ ಬಿಸಿಲು ನೆತ್ತಿ ಸುಡುತ್ತದೆ.

ದಿಯಲುಮದ ಎತ್ತರ 220 ಮೀಟರ್. ಲಂಕೆಯಲ್ಲಿ ಇದಕ್ಕಿಂತ ಎತ್ತರದ್ದು ಬಂಬರಕಂದ ಒಂದೇ, 263 ಮೀಟರ್. ನಮ್ಮ ಜೋಗ 253. ಆದರೆ ಜೋಗವನ್ನು ನಾನು ಚಿಕ್ಕಂದಿನಿಂದ ನೋಡಿದ್ದು ಕಣಿವೆಯ ಆಚೆ ನಿಂತು. ಇಲ್ಲಿ ಬೀಳೋ ಮುಂಚಿನ ನೀರಿನಲ್ಲೇ ಕೂರಬಹುದು. ಬಂಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೊಂಡಗಳು, ಒಂದು ತುಂಬಿ ಇನ್ನೊಂದಕ್ಕೆ. ನನಗೆ ಮರೆಯಲಾಗದ್ದು ಅಲ್ಲಿನ ಮೌನ. ನೀರು ಬಂಡೆ ಮೇಲೆ ಗಾಜಿನ ಹಾಗೆ ತೆಳ್ಳಗೆ ಹರಿದು ಅಂಚಿನಲ್ಲಿ ಸುಮ್ನೆ ಮಾಯವಾಗುತ್ತದೆ. ಬಿದ್ದ ಸದ್ದು ಅಲ್ಲಿಗೆ ಕೇಳಿಸಲೇ ಇಲ್ಲ.

ಅದಕ್ಕೇ ಅಪಾಯ ಗೊತ್ತಾಗೋದಿಲ್ಲ. ಹೆಂಡತಿ ಒದ್ದೆ ಬಂಡೆಯ ಮೇಲೆ ಜಾರಿ ಮೊಣಕೈ ತರಚಿಕೊಂಡಳು. ಪಾಚಿ ಕಪ್ಪಗಿತ್ತು, ಬಂಡೆಯದೇ ಬಣ್ಣ ಅಂದುಕೊಂಡಿದ್ದೆವು. ಅವಳು ಬಿದ್ದಿದ್ದು ಮೇಲಿನ ಹೊಂಡದ ಹತ್ತಿರ, ಅಂಚಿನಿಂದ ದೂರ. ಆಮೇಲೆ ಕೆಳಗಿನ ಹೊಂಡಕ್ಕೆ ನಾವು ಇಳಿಯಲೇ ಇಲ್ಲ. ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಮೇಲೆಲ್ಲೋ ಮಳೆಯಾಗಿದೆ ಅಂತ ಅರ್ಥ, ಬಟ್ಟೆ ಚೀಲ ನೋಡದೆ ಎದ್ದು ದಡ ಸೇರಿ.

ಮಧ್ಯಾಹ್ನ ಇಳಿದು ಜಲಪಾತದ ಬುಡಕ್ಕೆ ಬಂದೆವು, ಅದು ರಸ್ತೆ ಪಕ್ಕದಲ್ಲೇ ಇದೆ. ಅಂಗಡಿಯಲ್ಲಿ ಪ್ಲೇನ್ ಟೀ ಹೇಳಿದರೆ ಜೊತೆಗೆ ಬೈನೆ ಬೆಲ್ಲದ ತುಂಡು ಕೊಟ್ಟರು. ಬೆಲ್ಲ ಕಚ್ಚಿಕೊಂಡು ಒಂದೊಂದೇ ಗುಟುಕು ಕುಡಿಯೋದು. ತಲೆ ಎತ್ತಿದರೆ ಅಷ್ಟು ಎತ್ತರದ ಅಂಚಿನಲ್ಲಿ ಒಂದು ಕೆಂಪು ಚುಕ್ಕೆ, ಯಾರದೋ ಅಂಗಿ. ಹೆಂಡತಿ ಟೀ ಲೋಟ ಕೆಳಗಿಟ್ಟು ಎದ್ದು ನಿಂತಳು. ಆ ಚುಕ್ಕೆ ಹಿಂದಕ್ಕೆ ಸರಿದು ಕಾಣದಾಗುವವರೆಗೂ ಅವಳು ಕೂರಲಿಲ್ಲ.