ಪೀಣ್ಯದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು ಪರಿಚಯ ಬೆಳೆಸಿಕೊಳ್ಳುವುದು ಹೇಗೆ

ಐಟಿಐ, ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಮೆಷಿನ್ ಶಾಪ್‌ಗಳಿಗೆ ಬರುವ ಹುಡುಗ ಹುಡುಗಿಯರು ನನ್ನನ್ನು ಮತ್ತೆ ಮತ್ತೆ ಕೇಳುವ ಮಾತೊಂದಿದೆ. ‘ಮೇಡಂ, ನಮಗೆ ಇಲ್ಲಿ ಯಾರೂ ಗೊತ್ತಿಲ್ಲ. ಪರಿಚಯ ಇದ್ದವರಿಗೇ ಒಳ್ಳೆ ಕೆಲಸ ಸಿಗೋದು ಅಲ್ವಾ?’ ಪರಿಚಯದಿಂದ ಕೆಲಸ ಸಿಗುವುದು ನಿಜ. ಆದರೆ ಆ ಪರಿಚಯ ಊರಿಂದ ತಂದದ್ದೇ ಆಗಬೇಕಿಲ್ಲ. ಇಲ್ಲಿ ಬಹಳಷ್ಟು ಜನರಿಗೆ ಅದು ಕೆಲಸದಿಂದಲೇ ಆದದ್ದು. ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿ ಶುರು ಮಾಡಿದವಳು, ಈಗ ವೆಂಡರ್ ಡೆವಲಪ್‌ಮೆಂಟ್ (ನಮಗೆ ಬಿಡಿಭಾಗ ಮಾಡಿಕೊಡುವ ಕಂಪನಿಗಳನ್ನು ಹುಡುಕಿ ಬೆಳೆಸುವ ಕೆಲಸ) ನೋಡುತ್ತೇನೆ. ‘ಒಳ್ಳೆ ಸೆಟ್ಟರ್ (ಹೊಸ ಪೀಸ್‌ಗೆ ಮೆಷಿನ್ ಹೊಂದಿಸುವವರು) ಇದ್ದರೆ ಹೇಳಿ’ ಅಂತ ಯಾರಾದರೂ ಫೋನ್ ಮಾಡುತ್ತಲೇ ಇರುತ್ತಾರೆ. ಆಗ ನನಗೆ ಯಾರ ಹೆಸರು ನೆನಪಾಗುತ್ತದೆ, ಯಾಕೆ ಅನ್ನುವುದನ್ನು ಹೇಳುತ್ತೇನೆ.

ನಿಮ್ಮ ಶಾಪ್‌ನಿಂದಲೇ ಶುರು ಮಾಡಿ. ಹೊಸ ಸೆಟ್ಟಿಂಗ್ ಆದ ಮೇಲೆ ಮೊದಲ ಪೀಸನ್ನು ಹೆಲ್ಪರ್ ಕೈಯಲ್ಲಿ ಕಳಿಸಬೇಡಿ. ನೀವೇ ಕ್ಯೂಸಿ (ಕ್ವಾಲಿಟಿ ಪರೀಕ್ಷೆ) ಟೇಬಲ್‌ಗೆ ತೆಗೆದುಕೊಂಡು ಹೋಗಿ. ಇನ್‌ಸ್ಪೆಕ್ಟರ್ ಅಳೆಯುವಾಗ ಪಕ್ಕದಲ್ಲಿ ನಿಲ್ಲಿ. ನಿಮ್ಮ ಅಳತೆಗೂ ಅವರದ್ದಕ್ಕೂ ವ್ಯತ್ಯಾಸ ಬಂದರೆ ವಾದ ಬೇಡ, ಇಬ್ಬರೂ ಸೇರಿ ಇನ್ನೊಮ್ಮೆ ಅಳೆಯಿರಿ. ಜಾಬ್ (ನೀವು ಮಾಡುತ್ತಿರುವ ಪೀಸ್) ಕೆಟ್ಟಿದ್ದರೆ ಅವರು ಹುಡುಕುವ ಮೊದಲೇ ಹೇಳಿಬಿಡಿ. ‘ಸರ್, ಬೋರ್ 20 ಮೈಕ್ರಾನ್ ಜಾಸ್ತಿ ಆಗಿದೆ, ಆಫ್‌ಸೆಟ್ ಕೊಟ್ಟು ಮುಂದಿನ ಪೀಸ್ ತರ್ತೀನಿ.’ (ಬೋರ್ ಅಂದರೆ ಒಳಗಿನ ತೂತು, ಆಫ್‌ಸೆಟ್ ಅಂದರೆ ಮೆಷಿನ್‌ನಲ್ಲಿ ಟೂಲ್‌ನ ಅಳತೆ ತಿದ್ದುವುದು.) ಹೀಗೆ ಹೇಳುವವರನ್ನು ಇನ್‌ಸ್ಪೆಕ್ಟರ್ ಮರೆಯುವುದಿಲ್ಲ. ಅವರು ಬೇರೆ ಕಂಪನಿಗೆ ಹೋದರೂ ನಿಮ್ಮ ಹೆಸರು ಅವರ ಜೊತೆಗೇ ಹೋಗುತ್ತದೆ. ಸ್ಟೋರ್ಸ್‌ನವರ ಜೊತೆಗೂ ಅಷ್ಟೇ. ಇನ್ಸರ್ಟ್ (ಟೂಲ್‌ನ ತುದಿಗೆ ಹಾಕುವ ಕತ್ತರಿಸುವ ತುಂಡು) ಪೂರ್ತಿ ಖಾಲಿಯಾಗುವ ಮುಂಚೆ ಹೇಳಿ. ಒಡಿಶಾ, ಬಿಹಾರದಿಂದ ಬಂದ ಆಪರೇಟರ್‌ಗಳ ಜೊತೆ ಊಟಕ್ಕೆ ಕೂತುಕೊಳ್ಳಿ.

ನನ್ನ ಪ್ರಕಾರ ಜಾಸ್ತಿ ಫಲ ಕೊಡುವುದು ಹೊರಗಿನ ಜಾಬ್ ವರ್ಕ್, ಅಂದರೆ ನಮ್ಮ ಪೀಸನ್ನು ಬೇರೆ ಶಾಪ್‌ಗೆ ಕಳಿಸಿ ಮಾಡಿಸುವ ಕೆಲಸ. ಹೀಟ್ ಟ್ರೀಟ್‌ಮೆಂಟ್‌ಗೆ (ಕಾಯಿಸಿ ಗಟ್ಟಿ ಮಾಡಲು) ಮೆಟೀರಿಯಲ್ ಹೋಗುವಾಗ ಸೂಪರ್‌ವೈಸರ್ ಅನುಮತಿ ಕೇಳಿ, ಒಂದು ಸಲ ಗಾಡಿಯಲ್ಲಿ ನೀವೂ ಹೋಗಿ ಬನ್ನಿ. ಅಲ್ಲಿ ಒಂದೇ ಪ್ರಶ್ನೆ ಸಾಕು: ‘ಅಣ್ಣ, ನಾವು ಹೇಗೆ ಕಳಿಸಿದ್ರೆ ನಿಮಗೆ ಸುಲಭ ಆಗುತ್ತೆ?’ ಉದ್ದನೆಯ ಶಾಫ್ಟ್ ಮಲಗಿಸಿದರೆ ಬೆಂಡ್ ಬರುತ್ತದೆ, ತುದಿಯಲ್ಲಿ ಟ್ಯಾಪ್ ಮಾಡಿದ (ಥ್ರೆಡ್ ಹಾಕಿದ) ಹೋಲ್ ಇದ್ದರೆ ನೇತುಹಾಕಬಹುದು ಅಂತ ಅವರೇ ಹೇಳುತ್ತಾರೆ. ಡಿಸಿಯಲ್ಲಿ (ಮೆಟೀರಿಯಲ್ ಜೊತೆ ಹೋಗುವ ಡೆಲಿವರಿ ಚಲನ್) ಸುಮ್ನೆ ‘ಹಾರ್ಡನಿಂಗ್’ ಅಂತ ಬರೆದು ಕಳಿಸುವವರೇ ಜಾಸ್ತಿ. ನೀವು ಪೂರ್ತಿ ಬರೆಯಿಸಿ: ಮೆಟೀರಿಯಲ್ ಇಎನ್ 353 (ಒಂದು ಬಗೆಯ ಉಕ್ಕು), ಗಡಸುತನ 58ರಿಂದ 62 ಎಚ್‌ಆರ್‌ಸಿ, ಕೇಸ್ ಡೆಪ್ತ್ (ಮೇಲಿನ ಗಟ್ಟಿ ಪದರದ ಆಳ) ಎಷ್ಟು, ಗ್ರೈಂಡಿಂಗ್‌ಗೆ ಎಷ್ಟು ಬಿಟ್ಟಿದ್ದೀರಿ. ವ್ಯಾಸದಲ್ಲಿ 0.3 ಮಿ.ಮೀ. ಬಿಟ್ಟಿದ್ದರೆ ಗ್ರೈಂಡಿಂಗ್‌ನಲ್ಲಿ ಒಂದೊಂದು ಬದಿಗೆ 0.15 ಹೋಗುತ್ತದೆ. ಕೊನೆಗೆ 0.8 ಕೇಸ್ ಉಳಿಯಬೇಕಾದರೆ ಅದಕ್ಕಿಂತ ಜಾಸ್ತಿಯೇ ಕೊಡಬೇಕು. ಇದು ಅವರಿಗೆ ಮೊದಲೇ ಗೊತ್ತಾದರೆ ಒಂದು ಲಾಟ್ ರಿಜೆಕ್ಷನ್ ತಪ್ಪುತ್ತದೆ. ಆ ಮನುಷ್ಯನ ಹತ್ತಿರ ಎಷ್ಟೋ ಕಂಪನಿಗಳ ಜಾಬ್ ಬರುತ್ತದೆ. ಯಾವ ಕಂಪನಿಯಲ್ಲಿ ಕೆಲಸ ಜೋರಾಗಿದೆ, ಎಲ್ಲಿ ಹೊಸ ಮೆಷಿನ್ ಬಂದಿದೆ ಅನ್ನುವುದು ಅವರಿಗೆ ಬೇಗ ತಿಳಿಯುತ್ತದೆ.

ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರ ಬಿಐಇಸಿಯಲ್ಲಿ ನಡೆಯುವ ಮೆಷಿನ್ ಟೂಲ್ ಪ್ರದರ್ಶನ ಇಮ್‌ಟೆಕ್ಸ್‌ಗೂ ಹೋಗಿ. 2023, 2025ರ ಜನವರಿಯಲ್ಲಿ ಮೆಟಲ್ ಕಟಿಂಗ್ (ಲೋಹ ಕತ್ತರಿಸುವ ಮೆಷಿನ್‌ಗಳ) ಪ್ರದರ್ಶನ ಇತ್ತು. 2024ರ ನವೆಂಬರ್‌ನಿಂದ ಹಸಿರು ಮೆಟ್ರೊ ಮಾದಾವರದವರೆಗೆ ಹೋಗುವುದರಿಂದ ಪೀಣ್ಯದಿಂದ ನೇರವಾಗಿ ತಲುಪಬಹುದು. ಚೀಲದ ತುಂಬ ಕ್ಯಾಟಲಾಗ್ ತರುವುದರಿಂದ ಪ್ರಯೋಜನವಿಲ್ಲ. ನಿಮ್ಮ ಮೆಷಿನ್‌ನ ಒಂದು ತೊಂದರೆ ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಿ. ‘ಎಸ್‌ಎಸ್ 304ರಲ್ಲಿ (ಒಂದು ಬಗೆಯ ಸ್ಟೇನ್‌ಲೆಸ್ ಸ್ಟೀಲ್) ಎಂ6 ಟ್ಯಾಪ್ (6 ಮಿ.ಮೀ. ಥ್ರೆಡ್ ಹಾಕುವ ಟೂಲ್) ಮುರೀತಿದೆ’ ಅಂದರೆ ಟೂಲ್ ಕಂಪನಿಯ ಎಂಜಿನಿಯರ್ ಕುರ್ಚಿ ಎಳೆದು ಕೂರಿಸುತ್ತಾರೆ. ಥ್ರೂ ಹೋಲಾ (ಆರಪಾರ ತೂತು) ಬ್ಲೈಂಡಾ (ತಳ ಮುಚ್ಚಿದ ತೂತು), ಆಳ ಎಷ್ಟು, ಡ್ರಿಲ್ ಎಷ್ಟು, ಕೂಲಂಟ್ ಯಾವುದು ಅಂತ ಕೇಳುತ್ತಾರೆ. ಇವಕ್ಕೆ ಉತ್ತರ ಬರೆದುಕೊಂಡಿರಿ. ಕಸ್ಟಮರ್ ಡ್ರಾಯಿಂಗ್ ಮಾತ್ರ ಯಾರಿಗೂ ತೋರಿಸಬೇಡಿ. ಅವತ್ತೇ ಸಂಜೆ ವಾಟ್ಸ್‌ಆ್ಯಪ್ ಹಾಕಿ: ‘ಸರ್, ಇವತ್ತು ಎಂ6 ಟ್ಯಾಪ್ ಬಗ್ಗೆ ಕೇಳಿದ್ದೆ. ನೀವು ಹೇಳಿದ ಸ್ಪೀಡ್ ಸೋಮವಾರ ಹಾಕಿ ನೋಡಿ ಹೇಳ್ತೀನಿ.’ ಸೋಮವಾರ ಹೇಳಲೇಬೇಕು. ಟ್ಯಾಪ್ ಮತ್ತೆ ಮುರಿದರೂ ಹೇಳಿ.

ಆಯುಧ ಪೂಜೆಯನ್ನೂ ಬಿಡಬೇಡಿ. ಬೇರೆ ದಿನ ಗೇಟಿನಲ್ಲೇ ತಡೆಯುವ ಅಕ್ಕಪಕ್ಕದ ಶಾಪ್‌ನವರು ಅವತ್ತು ಪ್ರಸಾದಕ್ಕೆ ಒಳಗೆ ಕರೆಯುತ್ತಾರೆ. ಮೆಷಿನ್‌ಗಳೆಲ್ಲ ಹೂವಿನ ಹಾರ ಹಾಕಿಕೊಂಡು ನಿಂತಿರುತ್ತವೆ, ಮಾತಾಡಲು ಎಲ್ಲರಿಗೂ ಪುರುಸೊತ್ತು. ‘ಇದರ ಟೇಬಲ್ ಸೈಜ್ ಎಷ್ಟು? ಫೋರ್ತ್ ಆ್ಯಕ್ಸಿಸ್ (ಜಾಬ್ ತಿರುಗಿಸಿ ಬೇರೆ ಬದಿ ಕತ್ತರಿಸುವ ವ್ಯವಸ್ಥೆ) ಇದೆಯಾ?’ ಅಂತ ಕೇಳಿದರೆ ಮಾಲೀಕರೇ ನಿಂತು ತೋರಿಸುತ್ತಾರೆ. ನಿಮ್ಮ ಮೆಷಿನ್ ಬ್ರೇಕ್‌ಡೌನ್ ಆದ ದಿನ ‘ಪಕ್ಕದ ರಸ್ತೆಯಲ್ಲಿ ಫೋರ್ತ್ ಆ್ಯಕ್ಸಿಸ್ ಇದೆ ಸರ್, ಕೇಳಲಾ?’ ಅಂದರೆ ಮ್ಯಾನೇಜರ್‌ಗೆ ಅದು ದೊಡ್ಡ ಸಹಾಯ.

ಕೆಲಸ ಕೇಳುವ ಸಮಯ ಬಂದಾಗ ಬಯೋಡೇಟಾವನ್ನು ಹತ್ತು ಗ್ರೂಪ್‌ಗೆ ಹಾಕಬೇಡಿ. ನಿಮ್ಮ ಕೆಲಸ ನೋಡಿದವರಿಗೆ ಹೀಗೆ ಬರೆಯಿರಿ: ‘ಅಣ್ಣ, ವಿಎಂಸಿ ಸೆಟ್ಟಿಂಗ್ ಮಾಡ್ತೀನಿ. ಫಾನುಕ್‌ನಲ್ಲಿ ಪ್ರೋಗ್ರಾಂ ಬರೀತೀನಿ. ಸೀಮೆನ್ಸ್ ಇನ್ನೂ ಕಲಿತಿಲ್ಲ. ಎಲ್ಲಾದ್ರೂ ಸೆಟ್ಟರ್ ಬೇಕಿದ್ರೆ ಹೇಳಿ.’ (ವಿಎಂಸಿ ಅಂದರೆ ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್ ಮೆಷಿನ್; ಫಾನುಕ್, ಸೀಮೆನ್ಸ್ ಅದರ ಕಂಟ್ರೋಲರ್ ಹೆಸರುಗಳು.) ಸೀಮೆನ್ಸ್ ಬರುವುದಿಲ್ಲ ಅಂತ ಬರೆದಿರುವುದರಿಂದಲೇ ನಾನು ಈ ಮೆಸೇಜನ್ನು ಧೈರ್ಯವಾಗಿ ಮುಂದಕ್ಕೆ ಕಳಿಸುತ್ತೇನೆ. ನನ್ನ ಮಾತು ನಂಬಿ ಇಂಟರ್‌ವ್ಯೂಗೆ ಕರೆದವರ ಮುಂದೆ ನನ್ನ ಹೆಸರೂ ಉಳಿಯಬೇಕಲ್ಲ.

ಕೆಲಸ ಬಿಡುವಾಗಲೂ ನೀಟಾಗಿ ಬಿಡಿ. ಪೆನ್‌ಡ್ರೈವ್‌ನಲ್ಲಿ ಪ್ರೋಗ್ರಾಂ, ಡ್ರಾಯಿಂಗ್ ಕಾಪಿ ಮಾಡಿಕೊಂಡು ಹೋಗಬೇಡಿ. ಟೂಲ್ ಲಿಸ್ಟ್, ಫಿಕ್ಸ್ಚರ್ (ಜಾಬ್ ಹಿಡಿದಿಡುವ ಸಾಧನ) ಇಟ್ಟಿರುವ ಜಾಗ, ಸೆಟ್ಟಿಂಗ್ ಫೋಟೊ ಎಲ್ಲ ಹೊಸಬರಿಗೆ ಒಪ್ಪಿಸಿ. ಹೀಟ್ ಟ್ರೀಟ್‌ಮೆಂಟ್‌ನವರಿಗೆ, ಟೂಲ್ ಗ್ರೈಂಡಿಂಗ್‌ನವರಿಗೆ ನೀವೇ ಫೋನ್ ಮಾಡಿ, ನಾಳೆಯಿಂದ ಯಾರ ಹತ್ತಿರ ಮಾತಾಡಬೇಕು ಅಂತ ತಿಳಿಸಿ, ನಿಮ್ಮ ಹೊಸ ಜಾಗ ಯಾವುದು ಅಂತಲೂ ಹೇಳಿ.