ಸುಮ್ಮನಿರಬೇಕಾದ ಕಣ ನೀಲಿಯಾದಾಗ

ಬ್ಯಾಕ್ಟೀರಿಯಾ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳನ್ನು ರಕ್ತದಿಂದ ಬೇರ್ಪಡಿಸುವ ಕೆಲಸ ನಾನು ಶುರು ಮಾಡಿದ್ದು ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ. ಪ್ರೋಟೋಕಾಲ್‌ನಲ್ಲಿ ‘ರೂಮ್ ಟೆಂಪರೇಚರ್’ ಅಂತ ಬರೆದಿರುತ್ತದೆ, ಅಂದರೆ 20ರಿಂದ 25 ಡಿಗ್ರಿ. ಕರೆಂಟ್ ಹೋದ ಮಧ್ಯಾಹ್ನ ನಮ್ಮ ಲ್ಯಾಬಿನ ಥರ್ಮಾಮೀಟರ್ 36 ದಾಟುತ್ತಿತ್ತು.

ನಾನು ನೋಡಬೇಕಾಗಿದ್ದು ಇಷ್ಟು. ಬ್ಯಾಕ್ಟೀರಿಯಾದ ಪ್ರೋಟೀನ್‌ಗಳು ಫಾರ್ಮೈಲ್ ಮೆಥಿಯೋನಿನ್ ಅನ್ನುವ ಅಮೈನೋ ಆಮ್ಲದಿಂದ ಶುರುವಾಗುತ್ತವೆ. ನ್ಯೂಟ್ರೋಫಿಲ್ ಆ ತುದಿಯನ್ನೇ ಗುರುತು ಹಿಡಿಯುತ್ತದೆ. ಅದೇ ತುದಿಯಿರುವ ಎಫ್‌ಎಂಎಲ್‌ಪಿ ಅನ್ನುವ ಪುಟ್ಟ ಪೆಪ್ಟೈಡ್ (ಪ್ರೋಟೀನ್ ತುಣುಕು) ಹಾಕಿದರೆ ಶತ್ರು ಬಂತು ಅಂತಲೇ ತಿಳಿಯುತ್ತದೆ. ಕಣದ ಪೊರೆಯ ಮೇಲಿನ ರಿಸೆಪ್ಟರ್‌ನಿಂದ (ಗುರುತು ಹಿಡಿಯುವ ಪ್ರೋಟೀನ್) ಸುದ್ದಿ ಒಳಗಿನ ಜಿ-ಪ್ರೋಟೀನ್‌ಗೆ, ಅಲ್ಲಿಂದ ಫಾಸ್ಫೋಲೈಪೇಸ್ ಸಿ ಕಿಣ್ವಕ್ಕೆ. ಅದು ಪೊರೆಯ ಒಂದು ಕೊಬ್ಬನ್ನು ಎರಡಾಗಿ ಸೀಳುತ್ತದೆ. ಒಂದು ತುಂಡು ಐಪಿ3, ಕಣದೊಳಗಿನ ಕ್ಯಾಲ್ಸಿಯಂ ಸಂಗ್ರಹವನ್ನು ತೆರೆಯುತ್ತದೆ. ಇನ್ನೊಂದು ಡಿಎಜಿ, ಪ್ರೋಟೀನ್ ಕೈನೇಸ್ ಸಿ ಅನ್ನುವ ಕಿಣ್ವವನ್ನು ಎಬ್ಬಿಸುತ್ತದೆ. ಕೊನೆಗೆ ಎನ್‌ಎಡಿಪಿಎಚ್ ಆಕ್ಸಿಡೇಸ್ ಅನ್ನುವ ಕಿಣ್ವ ಜೋಡಣೆಯಾಗಿ, ಸೂಪರ್‌ಆಕ್ಸೈಡ್ ಅನ್ನುವ ಚುರುಕಾದ ಆಮ್ಲಜನಕದ ರೂಪ ಹೊರಬರುತ್ತದೆ. ಎನ್‌ಬಿಟಿ ಅನ್ನುವ ಹಳದಿ ಬಣ್ಣದ ರಾಸಾಯನಿಕ ಹಾಕಿಟ್ಟಿದ್ದರೆ ಅದು ಕಡುನೀಲಿಯಾಗುತ್ತದೆ. ದುಬಾರಿ ಯಂತ್ರ ಬೇಡ, ಸಾಧಾರಣ ಮೈಕ್ರೋಸ್ಕೋಪ್ ಸಾಕು.

ಮೊದಲ ಮೂರು ವಾರ ಕೆರಳಿಸುವುದೇನೂ ಹಾಕದ ಟ್ಯೂಬೇ ನೀಲಿಯಾಗುತ್ತಿತ್ತು! ಸುಮ್ನೆ ಕೂತಿರಬೇಕಾದ ಕಣಗಳು ಅವು. ತಪ್ಪು ಒಂದಲ್ಲ, ಹಲವು. ಗಾಜಿನ ಟ್ಯೂಬ್ ಬಳಸಿದ್ದೆ. ನ್ಯೂಟ್ರೋಫಿಲ್ ಗಾಜಿಗೆ ಅಂಟಿಕೊಂಡರೆ ಅಷ್ಟಕ್ಕೇ ಕೆರಳುತ್ತದೆ. ವೋರ್ಟೆಕ್ಸ್ (ಟ್ಯೂಬ್ ಅಲುಗಾಡಿಸುವ ಯಂತ್ರ) ಮೇಲೆ ಜೋರಾಗಿ ಅಲುಗಾಡಿಸಿದ್ದೆ. ಆಮೇಲೆ ದ್ರಾವಣಕ್ಕೆ ಬಳಸಿದ ಡಿಸ್ಟಿಲ್ಡ್ ವಾಟರ್. ಆಟೋಕ್ಲೇವ್‌ನ ಒತ್ತಡದ ಹಬೆಯಲ್ಲಿ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಅದರ ಹೊದಿಕೆಯ ವಿಷ ಎಂಡೋಟಾಕ್ಸಿನ್ ಉಳಿಯುತ್ತದೆ. ಅದು ಒಂಚೂರು ತಾಗಿದರೂ ಸಾಕು, ಕಣ ಅರ್ಧ ತಯಾರಾಗಿ ನಿಂತುಬಿಡುತ್ತದೆ.

ಪ್ಲಾಸ್ಟಿಕ್ ಟ್ಯೂಬಿಗೆ ಬದಲಾದೆ. ತೊಳೆಯುವ ಬಫರ್ (ಆಮ್ಲೀಯತೆ ಏರುಪೇರಾಗದ ದ್ರಾವಣ) ಮಾಡುವುದಕ್ಕೆ ಮೆಡಿಕಲ್ ಶಾಪಿನಿಂದ ಡ್ರಿಪ್‌ಗೆ ಹಾಕುವ ನಾರ್ಮಲ್ ಸಲೈನ್ ಬಾಟಲಿ ತಂದೆ. ರಕ್ತನಾಳಕ್ಕೆ ಹೋಗುವ ದ್ರವ ಅಲ್ವಾ, ಎಂಡೋಟಾಕ್ಸಿನ್ ಪರೀಕ್ಷೆ ಆಗಿರುತ್ತದೆ. ಕಣಗಳನ್ನು ಐಸ್ ಮೇಲಿಟ್ಟು, ಪ್ರಯೋಗಕ್ಕೆ ಸ್ವಲ್ಪ ಮುಂಚೆ ಮಾತ್ರ 37 ಡಿಗ್ರಿಗೆ ತಂದೆ. ವೋರ್ಟೆಕ್ಸ್ ಬಿಟ್ಟು ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಆ ದಿನ ಕೆರಳಿಸುವುದೇನೂ ಹಾಕದ ಟ್ಯೂಬಿನ ಕಣಗಳು ನೀಲಿಯಾಗದೇ ಉಳಿದವು.

ಆದರೆ ಎಫ್‌ಎಂಎಲ್‌ಪಿ ಹಾಕಿದ ಟ್ಯೂಬಿನಲ್ಲೂ ನೀಲಿ ಬರಲಿಲ್ಲ. ಹೋಲಿಕೆಗೆ ಪಿಎಂಎ ಅನ್ನುವ ರಾಸಾಯನಿಕ ಹಾಕಿದ್ದು ಮಾತ್ರ ಚೆನ್ನಾಗಿ ನೀಲಿಯಾಯಿತು. ಇಲ್ಲೇ ನನಗೆ ದಾರಿ ಸಿಕ್ಕಿದ್ದು. ಪಿಎಂಎ ಡಿಎಜಿಯ ವೇಷದಲ್ಲಿ ನೇರವಾಗಿ ಪ್ರೋಟೀನ್ ಕೈನೇಸ್ ಸಿಗೆ ಹೋಗುತ್ತದೆ. ರಿಸೆಪ್ಟರ್‌ನ ಹಂಗು ಅದಕ್ಕಿಲ್ಲ. ಅಂದರೆ ಕೊನೆಯ ಯಂತ್ರ ಸರಿಯಿದೆ, ತೊಂದರೆ ಮೇಲೆಲ್ಲೋ ಇದೆ. ಬಫರ್ ಬಾಟಲಿ ನೋಡಿದೆ. ಕಣಗಳು ಗುಂಪುಗಟ್ಟದಿರಲಿ ಅಂತ ತೊಳೆಯುವ ಬಫರ್‌ನಲ್ಲಿ ಕ್ಯಾಲ್ಸಿಯಂ ಇರುವುದಿಲ್ಲ. ಪ್ರಯೋಗಕ್ಕೂ ನಾನು ಅದನ್ನೇ ಬಳಸಿದ್ದೆ! ಐಪಿ3 ಒಳಗಿನ ಸಂಗ್ರಹ ತೆರೆಯುತ್ತದೆ ನಿಜ, ಆದರೆ ಅದು ಬೇಗ ಖಾಲಿ. ಹೊರಗಿನಿಂದ ಬರದಿದ್ದರೆ ಸುದ್ದಿ ಅರ್ಧದಲ್ಲೇ ಸೊರಗುತ್ತದೆ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಒಂದೊಂದು ಮಿಲಿಮೋಲಾರ್ ಸೇರಿಸಿದ ಮೇಲೆ ಎಫ್‌ಎಂಎಲ್‌ಪಿ ಟ್ಯೂಬೂ ನೀಲಿಯಾಯಿತು. ಪಿಎಂಎಯಷ್ಟು ಗಾಢವಲ್ಲ, ಅದು ಸಹಜ.

ಈ ಪರೀಕ್ಷೆಯನ್ನು ನಾನು ಚಿಕ್ಕದು ಅಂದುಕೊಳ್ಳುವುದಿಲ್ಲ. ಪದೇ ಪದೇ ಕೀವುಗಟ್ಟುವ ಸೋಂಕಿಗೆ ತುತ್ತಾಗುವ ಕೆಲವು ಮಕ್ಕಳಲ್ಲಿ ಆಕ್ಸಿಡೇಸೇ ಕೆಟ್ಟಿರುತ್ತದೆ; ಪಿಎಂಎ ಹಾಕಿದರೂ ಅವರ ಕಣ ನೀಲಿಯಾಗುವುದಿಲ್ಲ. 1968ರಲ್ಲಿ ಬೇನರ್ ಮತ್ತು ನೇಥನ್ ಇದೇ ಎನ್‌ಬಿಟಿಯಿಂದ ಆ ಕಾಯಿಲೆ ಅಳೆಯುವ ವಿಧಾನ ಕೊಟ್ಟರು.

ಎಥಿಕ್ಸ್ ಕಮಿಟಿ ಒಪ್ಪಿಗೆ ಪಡೆದು, ಒಪ್ಪಿಕೊಂಡ ಜೂನಿಯರ್ ಹುಡುಗನೊಬ್ಬನ ರಕ್ತ ತಗೊಂಡಿದ್ದೆ. ಮೈಕ್ರೋಸ್ಕೋಪ್‌ನಲ್ಲಿ ನೋಡಿ, “ಅಕ್ಕ, ಇವು ನನ್ನವಾ?” ಅಂದ. ನೋಡಿದ್ದನ್ನೇ ಮತ್ತೆ ಮತ್ತೆ ನೋಡಿದ. ಆಮೇಲೆ ಅವನೇ ಮಾರ್ಕರ್ ತಗೊಂಡು ಎರಡು ಬಾಟಲಿಗಳ ಮೇಲೂ ದಪ್ಪಗೆ ಬರೆದ: ‘ಕ್ಯಾಲ್ಸಿಯಂ ಇದೆ’, ‘ಕ್ಯಾಲ್ಸಿಯಂ ಇಲ್ಲ’.