ಐ-751 ಹಾಕಿದ್ದು ಹೇಗೆ: ಅತ್ತೆ ಮನೇಲಿ ಇದ್ದವಳ ಅನುಭವ

ಅಮೆರಿಕನ್ ಸಿಟಿಜನ್‌ನ ಮದುವೆ ಆಗಿ, ಎರಡು ವರ್ಷ ತುಂಬೋದ್ರೊಳಗೆ ಇಲ್ಲಿಗೆ ಬಂದ್ರೆ ಸಿಗೋದು ಎರಡೇ ವರ್ಷದ, ಷರತ್ತು ಹಾಕಿದ (ಕಂಡೀಷನಲ್) ಗ್ರೀನ್ ಕಾರ್ಡು. ನಾನೂ ಹಂಗೇ ಮುಂಬೈ ಕಾನ್ಸುಲೇಟಲ್ಲಿ ಇಂಟರ್‌ವ್ಯೂ ಮುಗಿಸಿ ಸಿಆರ್1 ವೀಸಾದಲ್ಲಿ, ಅಂದ್ರೆ ಹೊಸದಾಗಿ ಮದುವೆಯಾದ ಹೆಂಡ್ತಿಗೋ ಗಂಡನಿಗೋ ಕೊಡೋ ವೀಸಾದಲ್ಲಿ, ಬಂದವಳು. ಕಾರ್ಡ್ ಮುಗಿಯೋಕೆ ಮುಂಚಿನ 90 ದಿನದಲ್ಲಿ ಗಂಡ ಹೆಂಡ್ತಿ ಇಬ್ರೂ ಸೈನ್ ಹಾಕಿ ಐ-751, ಅಂದ್ರೆ ಆ ಷರತ್ತು ತೆಗೆಸೋ ಅರ್ಜಿ, ಕಳಿಸ್ಬೇಕು, ಅದಕ್ಕೂ ಮುಂಚೆ ಕಳಿಸಿದ್ರೆ ವಾಪಸ್ ಬರತ್ತೆ, ಡೇಟ್ ದಾಟಿಸಿದ್ರೆ ಸ್ಟೇಟಸ್ಸಿಗೇ ಕುತ್ತು.

1986ರಲ್ಲಿ ಸುಳ್ಳು ಮದುವೆ ತಡೆಯೋಕೆ ಅಂತ ಮಾಡಿದ ಕಾನೂನಿದು. ಮದುವೆ ಆಯ್ತು ಅನ್ನೋದು ಇಮಿಗ್ರೇಷನ್‌ನವರಿಗೆ ವೀಸಾ ಕೊಡುವಾಗ್ಲೇ ಗೊತ್ತು, ಈಗ ಬೇಕಿರೋದು ಆಮೇಲೆ ಸಂಸಾರ ಮಾಡಿದ್ದಕ್ಕೆ ಪುರಾವೆ. ನಮ್ಮವರು ಛತ್ರದ ಫೋಟೋ, ಧಾರೆ ವಿಡಿಯೋ, ರಿಸೆಪ್ಷನ್ನು ಅಂತ ಗುಡ್ಡೆ ಹಾಕ್ತಾರೆ, ಅದರಿಂದ ಏನೂ ಹೆಚ್ಚು ಉಪಯೋಗ ಇಲ್ಲ. ನಾವು ಮದುವೆದು ಎರಡೇ ಇಟ್ವಿ, ಉಳಿದದ್ದೆಲ್ಲ ಇಲ್ಲಿಗೆ ಬಂದ್ಮೇಲಿನವು, ಯುಗಾದಿ, ಹಿಮ ಎತ್ತಿದ್ದು, ನಾದಿನಿ ಗ್ರಾಜುಯೇಷನ್, ಪ್ರತಿಯೊಂದರ ಕೆಳಗೂ ತಾರೀಖು, ಜಾಗ, ಯಾರ್ಯಾರು ಅಂತ ಬರೆದು.

ನಮ್ಮ ಕೇಸಲ್ಲಿ ತಲೆನೋವು ಅಂದ್ರೆ ಮನೆ. ಇದ್ದಿದ್ದು ಅತ್ತೆ ಮಾವನ ಮನೇಲಿ, ಲೀಸ್ ಇಲ್ಲ, ಕರೆಂಟು ನೀರು ಇಂಟರ್‌ನೆಟ್ಟು ಎಲ್ಲಾ ಮಾವನ ಹೆಸರಲ್ಲಿ. ಎಲ್ಲರೂ ಲೀಸ್ ಇಡಿ ಅಂತಾರೆ, ಮಗನಿಗೆ ಅಪ್ಪ ಬಾಡಿಗೆ ಪತ್ರ ಬರ್ಕೊಡ್ತಾನಾ? ಕೊನೆಗೆ ಮಾವನೇ ಇಂಥಾ ತಿಂಗಳಿಂದ ಮಗ ಸೊಸೆ ನಮ್ಮ ಜೊತೆ ಇದ್ದಾರೆ, ಬಾಡಿಗೆ ತಗೊಳ್ಳಲ್ಲ ಅಂತ ಒಂದು ಪತ್ರ ಬರೆದು ನೋಟರಿ ಮಾಡಿಸಿದ್ರು, ಅದರ ಜೊತೆ ಅವರ ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲು, ಆಮೇಲೆ ಅದೇ ಅಡ್ರೆಸ್ಸಿಗೆ ನಮ್ಮಿಬ್ಬರಿಗೂ ಬಂದ ಕಾಗದಗಳು, ಡ್ರೈವಿಂಗ್ ಲೈಸೆನ್ಸು, ಡಬ್ಲ್ಯೂ-2 (ಆಫೀಸಿನವರು ಕೊಡೋ ವರ್ಷದ ಸಂಬಳದ ಲೆಕ್ಕ), ಬ್ಯಾಂಕ್ ಸ್ಟೇಟ್‌ಮೆಂಟು. ಮನೆ ವಿಷ್ಯದಲ್ಲಿ ಮತ್ತೇನೂ ಕೇಳ್ಲಿಲ್ಲ.

ದುಡ್ಡಿನ ಕಾಗದಕ್ಕೆ ತೂಕ ಜಾಸ್ತಿ. ಇಬ್ರೂ ಸೇರಿ ಫೈಲ್ ಮಾಡಿದ ಟ್ಯಾಕ್ಸಿಗೆ ಐಆರ್‌ಎಸ್, ಅಂದ್ರೆ ಇಲ್ಲಿನ ತೆರಿಗೆ ಇಲಾಖೆ, ಕೊಡೋ ಟ್ರಾನ್ಸ್‌ಕ್ರಿಪ್ಟ್ ಮೊದಲು ಇಟ್ವಿ. ಜಾಯಿಂಟ್ ಅಕೌಂಟ್ ಸುಮ್ನೆ ತೆಗೆದು ಬಿಟ್ರೆ ಆಗಲ್ಲ, ಸಂಬಳ ಅಲ್ಲಿಗೇ ಬರ್ಬೇಕು, ತರಕಾರಿ, ಪೆಟ್ರೋಲು ಅಲ್ಲಿಂದಾನೇ ಹೋಗ್ಬೇಕು. ಹೆಲ್ತ್ ಇನ್ಶೂರೆನ್ಸು, ಕಾರ್ ಇನ್ಶೂರೆನ್ಸಲ್ಲಿ ಎರಡೂ ಹೆಸರು. ಆಫೀಸಿನ ಲೈಫ್ ಇನ್ಶೂರೆನ್ಸಲ್ಲಿ ನಾಮಿನಿ ಇನ್ನೂ ಅಮ್ಮ ಅಂತಲೇ ಇರತ್ತೆ ಎಷ್ಟೋ ಗಂಡಸರದ್ದು, ನೋಡ್ಕೊಳ್ಳಿ (ನಮ್ಮತ್ತೆಗೆ ಹೇಳೇ ಬದಲಾಯಿಸಿದ್ವಿ, ಇಲ್ದಿದ್ರೆ ಅದೊಂದು ರಾಮಾಯಣ). ಇಬ್ಬರನ್ನೂ ಬಲ್ಲ ಎರಡು ಜನರಿಂದ ಅಫಿಡವಿಟ್ಟು, ಅದರಲ್ಲಿ ‘ಒಳ್ಳೆ ಜೋಡಿ’ ಅಂತ ಹೊಗಳಿಕೆ ಬೇಡ, ಯಾವಾಗ ಎಲ್ಲಿ ನೋಡಿದ್ರು ಅಂತ ಬರೆಸಿ. ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರು ಉದ್ದಕ್ಕೆ, ಬ್ಯಾಂಕಲ್ಲಿ ಬರೀ ಇನಿಷಿಯಲ್ಲು ಅಂತಿದ್ರೆ ಎಲ್ಲಾ ರೂಪಾನೂ ‘ಬೇರೆ ಹೆಸರುಗಳು’ ಅನ್ನೋ ಕಾಲಮ್ಮಲ್ಲಿ ತುಂಬಿ.

ಫೀಸು 2024ರ ಏಪ್ರಿಲ್‌ನಿಂದ 750 ಡಾಲರ್, ಬೆರಳಚ್ಚಿಂದೂ ಅದರಲ್ಲೇ ಸೇರಿದೆ. ರಸೀದಿ ಪತ್ರ ಬರತ್ತಲ್ಲ, ಅದೇ ಹಳೇ ಕಾರ್ಡನ್ನ 48 ತಿಂಗಳು ಮುಂದಕ್ಕೆ ಹಾಕತ್ತೆ, ಜೋಪಾನ. ತಮ್ಮನ ಮದುವೆಗೆ ಊರಿಗೆ ಹೋಗಿ ವಾಪಸ್ ಬರ್ತಾ ಬೆಂಗಳೂರು ಏರ್‌ಪೋರ್ಟ್ ಚೆಕ್-ಇನ್ನಲ್ಲಿ ಕಾರ್ಡ್ ಎಕ್ಸ್‌ಪೈರ್ ಆಗಿದೆ ಮೇಡಂ ಅಂತ ನಿಲ್ಲಿಸಿದ್ರು, ಒರಿಜಿನಲ್ ಪತ್ರ ಕೈಲಿದ್ದಿದ್ದಕ್ಕೆ ಸೂಪರ್‌ವೈಸರ್ ಬಂದು ನೋಡಿ ಬಿಟ್ರು. ಕೆಲಸಕ್ಕೆ ಸೇರುವಾಗ ಗ್ರೀನ್ ಕಾರ್ಡ್ ತೋರಿಸಿದ್ರೆ, ಅದು ಎಕ್ಸ್‌ಪೈರ್ ಆಯ್ತು ಅಂತ ಎಚ್‌ಆರ್ ಮತ್ತೆ ಐ-9 (ಕೆಲಸ ಮಾಡೋ ಹಕ್ಕಿದೆ ಅಂತ ತೋರಿಸೋ ಫಾರಂ) ಮಾಡಿಸೋ ಹಂಗೂ ಇಲ್ಲ.

ಇನ್ನೊಂದು, ಇದನ್ನ ಹೆಣ್ಮಕ್ಕಳಿಗೆ ಗಟ್ಟಿಯಾಗೇ ಹೇಳ್ಬೇಕು. ನಾನು ಸೈನ್ ಹಾಕ್ದಿದ್ರೆ ನೀನು ಗಂಟುಮೂಟೆ ಕಟ್ಬೇಕು ಅಂತ ಹೆದರಿಸೋ ಗಂಡಂದಿರಿದ್ದಾರೆ. ಅದು ಸುಳ್ಳು. ಡೈವೋರ್ಸ್ ಆಗಿದ್ರೆ, ಹೊಡೆತ ಹಿಂಸೆ ಇದ್ರೆ, ಇಬ್ಬರ ಸೈನ್ ಬೇಕನ್ನೋದಕ್ಕೆ ವಿನಾಯ್ತಿ (ವೇವರ್) ಕೇಳಿ ಒಬ್ಬರೇ ಹಾಕ್ಬಹುದು, ಅದಕ್ಕೆ 90 ದಿನದ ಲೆಕ್ಕವೂ ಇಲ್ಲ. ಅಂಥವರು ಮೊದಲು ಒಬ್ಬ ಇಮಿಗ್ರೇಷನ್ ಲಾಯರ್ ನೋಡಿ, ನಮ್ಮ ಥರ ತಾವೇ ಫಾರಂ ತುಂಬೋಕೆ ಹೋಗ್ಬೇಡಿ.

ನಮ್ಮ 751 ಪೆಂಡಿಂಗ್ ಇರುವಾಗ್ಲೇ ಸಿಟಿಜನ್‌ಶಿಪ್ಪಿಗೆ ಬೇಕಾದ ಗ್ರೀನ್ ಕಾರ್ಡಿನ ಮೂರು ವರ್ಷ ತುಂಬ್ತಾ ಬಂತು, ಕಂಡೀಷನಲ್ ಎರಡು ವರ್ಷವೂ ಲೆಕ್ಕಕ್ಕೆ ಬರೋದ್ರಿಂದ ಅದರ ಅರ್ಜಿ ಎನ್-400 ಹಾಕಿಬಿಟ್ವಿ. ಎರಡಕ್ಕೂ ಒಂದೇ ದಿನ ಇಂಟರ್‌ವ್ಯೂ ಇಟ್ರು, ನೋಟಿಸಲ್ಲಿ ನನ್ನ ಹೆಸರು ಮಾತ್ರ ಇದ್ರೂ ಗಂಡನನ್ನೂ ಕರ್ಕೊಂಡು ಹೋದೆ, 751 ಮೊದಲು ಮುಗಿಸ್ಬೇಕಲ್ಲ.